'ಯು ಆರ್ ಕನ್ವೀನಿಯೆಂಟ್' ಯಾಕೆ ತಪ್ಪು

ನಿಮ್ಮ ಚೀನೀ ವಿದ್ಯಾರ್ಥಿನಿ 'ಕಾಲ್ ಮಿ ಇಫ್ ಯು ಆರ್ ಕನ್ವೀನಿಯೆಂಟ್' ಅಂತಲೇ ಬರೆಯೋದು ಯಾಕೆ ಅಂತ ಕೇಳಿದ್ದೀರಿ. ಅವರ 'ಫಾಂಗ್‌ಬ್ಯೆನ್' ಪದವೇ ಕಾರಣ. 'ನಿ ಫಾಂಗ್‌ಬ್ಯೆನ್ ಮಾ?' ಅಂದರೆ 'ನಿನಗೆ ಅನುಕೂಲವಾ?' ಅಂತ. ಆದರೆ 'ನಿ' ಅಂದರೆ ಬರೀ 'ನೀನು', ನಮ್ಮ 'ಗೆ' ಪ್ರತ್ಯಯ ಅಲ್ಲಿಲ್ಲ. ಅದನ್ನೇ ಇಂಗ್ಲಿಷಿಗೆ ತಂದಾಗ ಮನುಷ್ಯನೇ ಕನ್ವೀನಿಯೆಂಟ್ ಆಗಿಬಿಡುತ್ತಾನೆ. ಇಂಗ್ಲಿಷಿನಲ್ಲಿ ಈ ಪದ ಹೊಂದೋದು ಸಮಯಕ್ಕೆ, ಜಾಗಕ್ಕೆ, ವ್ಯವಸ್ಥೆಗೆ.

'ಇಫ್ ಇಟ್ಸ್ ಕನ್ವೀನಿಯೆಂಟ್ ಫಾರ್ ಯು' ಅಂತ ಹೇಳಿಕೊಡಿ. ಕನ್ನಡದ 'ನಿಮಗೆ ಅನುಕೂಲವಾದರೆ' ಇದಕ್ಕೆ ಎಷ್ಟು ಹತ್ತಿರ ನೋಡಿ, ಅದಕ್ಕೇ ನಾವು ಇಲ್ಲಿ ಎಡವೋದು ಕಡಿಮೆ. ವ್ಯಾಕರಣದ ಹೆಸರುಗಳು ಬೇಡ, 'ಈಸ್ ಫೈವ್ ಓ ಕ್ಲಾಕ್ ಕನ್ವೀನಿಯೆಂಟ್ ಫಾರ್ ಯು?' ಅಂತ ದಿನಾ ಅವಳಿಂದಲೇ ಕೇಳಿಸಿ. ಅಂದಹಾಗೆ, ಫಾಂಗ್‌ಬ್ಯೆನ್‌ಗೆ ಶೌಚಕ್ಕೆ ಹೋಗುವುದು ಅನ್ನೋ ಅರ್ಥವೂ ಇದೆ. ಇಂಗ್ಲಿಷ್ ಪದಕ್ಕೆ ಅದಿಲ್ಲ ಅಂತಲೂ ತಿಳಿಸಿ.