ಹೊಗೆ ಕವಿದ ಹಿತ್ತಲಿನಲ್ಲಿ ಹಣ್ಣಾದ ಅಂಜೂರ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ. ಹಿತ್ತಲಿನ ಅಂಜೂರ ಹಣ್ಣಾಗಿದೆ, ದಾಳಿಂಬೆ ಕೆಂಪೇರಿದೆ, ಹಚಿಯಾ ಪರ್ಸಿಮನ್ (ಮೆತ್ತಗಾಗುವವರೆಗೆ ಒಗರಾಗಿರುವ ಕಿತ್ತಳೆ ಬಣ್ಣದ ಹಣ್ಣು) ಇನ್ನೂ ಗಟ್ಟಿಯಾಗಿದೆ. ದೂರದ ಕಾಡ್ಗಿಚ್ಚಿನ ಬೂದಿ ಅಂಗಳಕ್ಕೆ ಬೀಳುತ್ತಿದೆ. ಗಾಳಿ ಜೋರಾದರೆ ಎರಡು ದಿನ ಕರೆಂಟ್ ತೆಗೆಯುವ ಸೂಚನೆಯೂ ಬಂದಿದೆ. ಎಲ್ಲವನ್ನೂ ಕಿತ್ತು ಫ್ರಿಜ್ಜಿನಲ್ಲಿ ತುಂಬಿಡಬೇಕೆ?
– ಓದುಗರೊಬ್ಬರು, ಸಾಂಟಾ ರೋಸಾ

ಉತ್ತರ: ದಯವಿಟ್ಟು ಎಲ್ಲವನ್ನೂ ಕೀಳಬೇಡಿ. ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದೇ ಇಟ್ಟರೂ ಫ್ರಿಜ್ ಸುಮಾರು 4 ಗಂಟೆ ಮಾತ್ರ ತಂಪಾಗಿರುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಾಳುತ್ತದೆ. ಆದ್ದರಿಂದ ಕಾಯಬಲ್ಲ ಹಣ್ಣನ್ನು ಮರದ ಮೇಲೆಯೇ ಬಿಟ್ಟು, ಕಾಯಲಾರದ್ದನ್ನು ಮಾತ್ರ ಇಳಿಸುವುದು ಸರಿ.

ಕಾಯಲಾರದ್ದು ಅಂಜೂರ. ಕಿತ್ತ ಮೇಲೆ ಅದು ಮಾಗುವುದಿಲ್ಲ, ಮಾಗಿದ್ದು ಸೆಕೆಯಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಉಳಿಯುವುದೂ ಇಲ್ಲ. ತೊಟ್ಟಿನ ಬಳಿ ಕತ್ತು ಮೆತ್ತಗಾಗಿ ಜೋತುಬಿದ್ದ ಹಣ್ಣನ್ನಷ್ಟೇ ಆರಿಸಿ; ಕಿತ್ತಾಗ ತೊಟ್ಟಿನಲ್ಲಿ ಬಿಳಿ ಸೊನೆ ಒಸರಿದರೆ ಅದು ಇನ್ನೂ ಮಾಗಿಲ್ಲವೆಂದು ತಿಳಿಯಿರಿ. ಆ ಸೊನೆ ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಬೇಕು. ಹಣ್ಣುಗಳನ್ನು ತೊಳೆದು, ನೀರಾರಿಸಿ, ಎರಡಾಗಿ ಸೀಳಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಇವತ್ತೇ ಫ್ರೀಜರಿಗಿಡಿ. ಉಳಿದ ಜಾಗದಲ್ಲಿ ನೀರಿನ ಬಾಟಲಿಗಳನ್ನು ಇಟ್ಟರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ದಾಳಿಂಬೆಗೆ ದಪ್ಪ ಸಿಪ್ಪೆಯ ರಕ್ಷಣೆಯಿದೆ, ಅದು ಮರದಲ್ಲೇ ಇರಲಿ. ಹಚಿಯಾವನ್ನು ಬಣ್ಣ ಬಂದ ಮೇಲೆ ಗಟ್ಟಿಯಾಗಿದ್ದಾಗಲೇ ಕಿತ್ತರೂ ಒಗರು ಕಳೆದು ಮನೆಯೊಳಗೆ ಮೆತ್ತಗಾಗುತ್ತದೆ, ಅದಕ್ಕೆ ಫ್ರಿಜ್ಜೇ ಬೇಡ.

ಇನ್ನು ಬೂದಿಯ ಮಾತು. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದ್ದರೆ ಆ ದಿನ ಕೊಯ್ಲು ಬೇಡ. ಕಡಿಮೆಯಿದ್ದರೂ ಎನ್95 ಮಾಸ್ಕ್, ತುಂಬು ತೋಳಿನ ಅಂಗಿ ಇರಲಿ, ಮಕ್ಕಳು ಒಳಗೇ ಇರಲಿ. ಬೂದಿಯನ್ನು ಒಣಬಟ್ಟೆಯಿಂದ ಒರೆಸಿದರೆ ಅದು ಮತ್ತೆ ಗಾಳಿಗೇರುತ್ತದೆ. ಹರಿಯುವ ನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಮುಂದೆ ದಾಳಿಂಬೆ ಕೀಳುವಾಗ ಅದರ ಕಿರೀಟವನ್ನು ಗಮನಿಸಿ: ಆ ಎಸಳುಗಳ ನಡುವೆ ಬೂದಿ ಕೂತಿರುತ್ತದೆ. ಮೊದಲು ಕಿರೀಟವನ್ನು ಕತ್ತರಿಸಿ ತೆಗೆದು, ಹಣ್ಣನ್ನೂ ಚಾಕುವನ್ನೂ ತೊಳೆದು, ಆಮೇಲೆ ಸೀಳಿದರೆ ಬೂದಿ ಕಾಳುಗಳಿಗೆ ತಾಗುವುದಿಲ್ಲ. ನಿಮ್ಮದು ಬೋರ್‌ವೆಲ್ ನೀರಾದರೆ ಕರೆಂಟ್ ಹೋದಾಗ ಪಂಪೂ ನಿಲ್ಲುತ್ತದೆ, ಆದ್ದರಿಂದ ಈಗಲೇ ನೀರು ತುಂಬಿಡಿ.

2017ರ ಅಕ್ಟೋಬರ್ ಬೆಂಕಿಯ ನಂತರ ನಿಮ್ಮ ಕೌಂಟಿಯಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗದವರು ಸ್ವಯಂಸೇವಕರ ನೆರವಿನಿಂದ ಕೈತೋಟದ ಸೊಪ್ಪುಗಳನ್ನು ಪರೀಕ್ಷಿಸಿದಾಗ ದೊಡ್ಡ ಅಪಾಯವೇನೂ ಕಂಡುಬರಲಿಲ್ಲ; ಹಾಗಾಗಿ ಚೆನ್ನಾಗಿ ತೊಳೆದ ಹಣ್ಣಿಗೆ ಹೆದರಬೇಕಿಲ್ಲ. ಆದರೆ ಪಕ್ಕದಲ್ಲೇ ಮನೆಗಳು, ಕಾರುಗಳು ಸುಟ್ಟಿದ್ದರೆ ಆ ಬೂದಿಯಲ್ಲಿ ಸೀಸ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅಂಥ ಕಡೆ ಹಣ್ಣನ್ನು ಕೀಳದಿರುವುದೇ ನನ್ನ ಸಲಹೆ. ಮನೆ ಬಿಡುವ ಆದೇಶ ಬಂದರಂತೂ ಬುಟ್ಟಿ ಅರ್ಧ ತುಂಬಿದ್ದರೂ ಅಲ್ಲೇ ಇಟ್ಟು ಹೊರಡಿ.

ಪ್ರಶ್ನೆ: ಕರೆಂಟ್ ಇಲ್ಲದಾಗ ಗ್ಯಾರೇಜಿನಲ್ಲಿ ಇದ್ದಿಲ ಒಲೆ ಹೂಡಿ ಅಂಜೂರದ ಜಾಮ್ ಕಾಯಿಸಬಹುದೆ?
– ಇನ್ನೊಬ್ಬ ಓದುಗರು, ನಾಪಾ

ಉತ್ತರ: ಖಂಡಿತ ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅದು ಪ್ರಾಣ ತೆಗೆಯಬಲ್ಲದು. ಬಿರುಗಾಳಿಯ ಎಚ್ಚರಿಕೆಯಿರುವ ದಿನ ಹೊರಗೆ ಒಲೆ ಹಚ್ಚಿದರೆ ಒಂದು ಕಿಡಿಯೇ ಊರಿಗೆ ಕಂಟಕ. ಹಣ್ಣನ್ನು ಫ್ರೀಜರಿನಲ್ಲೇ ಬಿಡಿ. ಕರೆಂಟ್ ಬಂದಾಗ ಅದರಲ್ಲಿ ಮಂಜಿನ ಹರಳುಗಳು ಇನ್ನೂ ಉಳಿದಿದ್ದರೆ ಜಾಮ್ ಮಾಡಬಹುದು, ಆದರೆ ಅಂಜೂರಕ್ಕೆ ಹುಳಿ ಸಾಲದು, ಬಾಟಲಿಯಲ್ಲಿಡುವ ಜಾಮಿಗೆ ನಿಂಬೆರಸ ಹಾಕಲೇಬೇಕು.