ತೋಟ ಮಾರುವ ಮುಂಚೆ

ಪತ್ರ:

ನಮ್ಮೂರು ಶಿರಸಿ ಹತ್ತಿರ. ಮೂರು ವರ್ಷದ ಹಿಂದೆ ಒಂದು ಹೆಣ್ಣುಮಗುವನ್ನು ದತ್ತು ತಗೊಂಡೆವು. ಸೆರೆಬ್ರಲ್ ಪಾಲ್ಸಿ ಇದೆ ಅಂತ ಗೊತ್ತಿದ್ದೇ ತಗೊಂಡೆವು. ಈಗ ಅವಳಿಗೆ ಏಳು ವರ್ಷ. ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುತ್ತಾಳೆ. ಮಾತು ನಮಗೆ ಬಿಟ್ಟು ಬೇರೆಯವರಿಗೆ ಅರ್ಥವಾಗುವುದು ಕಷ್ಟ. ಆದರೆ ಅಡಿಕೆ ಎಣಿಸಿ, ಕೂಡಿಸಿ, ಕಳೆದು ಹೇಳುತ್ತಾಳೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇ 65 ಅಂತ ಇದೆ. ಊರಿನ ಸರ್ಕಾರಿ ಶಾಲೆಯಲ್ಲಿ ‘ಇಂಥ ಮಕ್ಕಳಿಗೆ ಬೇರೆ ಶಾಲೆ ಇರುತ್ತೆ, ಅಲ್ಲಿ ನೋಡಿ’ ಅಂದರು. ಹುಬ್ಬಳ್ಳಿಯ ಒಂದು ಖಾಸಗಿ ವಿಶೇಷ ಶಾಲೆಯಲ್ಲಿ ತಿಂಗಳಿಗೆ 14 ಸಾವಿರ ಫೀಸು, ಥೆರಪಿಗೆ ಬೇರೆ. ನಮ್ಮ ಯಜಮಾನರಿಗೆ ಸೊಸೈಟಿಯಲ್ಲಿ 31 ಸಾವಿರ ಸಂಬಳ. ಒಂದು ಎಕರೆ ತೋಟ ಇದೆ. ಅದನ್ನು ಮಾರಿ ಹುಬ್ಬಳ್ಳಿಯಲ್ಲಿ ಮನೆ ಮಾಡೋಣ ಅಂತಿದ್ದೇವೆ. ಅಮೆರಿಕದಲ್ಲಿರುವ ಮೈದುನ, ಅಲ್ಲಿ ಇಂಥ ಮಗುವನ್ನು ದತ್ತು ತಗೊಂಡರೆ ಸರ್ಕಾರವೇ ತಿಂಗಳಿಗೆ ದುಡ್ಡು ಕೊಡುತ್ತೆ, ಇಲ್ಲೂ ಕೇಳಿ ಅನ್ನುತ್ತಾನೆ. ಓರಗಿತ್ತಿ ಮಾತ್ರ, ಗೊತ್ತಿದ್ದೂ ತಂದುಕೊಂಡವರು ಈಗ ಯಾರ ಮುಂದೆ ಕೈ ಚಾಚುತ್ತೀರಿ ಅನ್ನುತ್ತಾರೆ. ನಮಗೆ ದಾರಿ ಹೇಳಿ.

– ಹೆಸರು ಬೇಡ ಎಂದಿರುವ ಓದುಗರು, ಶಿರಸಿ ತಾಲೂಕು

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ. ತೋಟ ಮಾರಬೇಡಿ. ಈಗಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಓರಗಿತ್ತಿಯ ಮಾತಿಗೆ ಉತ್ತರ ಕೊಡಬೇಕು. ಆ ಮಾತು ನಿಮ್ಮನ್ನು ಎಷ್ಟು ಕೊರೆಯುತ್ತಿದೆ ಅಂತ ಪತ್ರ ಓದಿದರೇ ಗೊತ್ತಾಗುತ್ತದೆ.

2015ರ ಬಾಲನ್ಯಾಯ ಕಾಯ್ದೆಯ 63ನೇ ಸೆಕ್ಷನ್ ನೋಡಿ. ದತ್ತು ಆದೇಶ ಬಂದ ದಿನದಿಂದ ಆ ಮಗು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ. ಎಲ್ಲ ವಿಷಯದಲ್ಲೂ, ಆಸ್ತಿಯಲ್ಲೂ. ನೀವು ಹೆತ್ತ ಮಗುವಿಗೇ ಈ ತೊಂದರೆ ಇದ್ದಿದ್ದರೆ ‘ಯಾಕೆ ಕೇಳುತ್ತೀರಿ’ ಅಂತ ಯಾರಾದರೂ ಅನ್ನುತ್ತಿದ್ದರಾ? ಇನ್ನೂ ಒಂದು ವಿಷಯ. ಶಾಲೆಯ ಹಕ್ಕು ನಿಮ್ಮದಲ್ಲ, ಅವಳದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಶಾಲೆಯಲ್ಲಾದರೂ ಸರಿ, ಆರಿಸಿಕೊಂಡ ವಿಶೇಷ ಶಾಲೆಯಲ್ಲಾದರೂ ಸರಿ. ನಿಮ್ಮ ಮಗಳಿಗೆ ಶೇ 65 ಇದೆ. ಅವಳ ಪರವಾಗಿ ಅವಳ ಅಪ್ಪ ಅಮ್ಮ ಕೇಳುವುದು ಕೈ ಚಾಚಿದ ಹಾಗೆ ಹೇಗಾಗುತ್ತದೆ?

ಮೈದುನ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ 1980ರಲ್ಲೇ ಅದಕ್ಕೊಂದು ಕಾಯ್ದೆ ಬಂತು. ವಿಶೇಷ ಅಗತ್ಯದ ಮಗುವನ್ನು ದತ್ತು ಪಡೆದವರಿಗೆ ಅಲ್ಲಿ ತಿಂಗಳ ನೆರವು ಸಿಗುತ್ತದೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅನಾಥಾಲಯದಲ್ಲೇ ಬೆಳೆದಿದ್ದರೆ ಸರ್ಕಾರವೇ ನೋಡಿಕೊಳ್ಳಬೇಕಿದ್ದ ಮಗುವಿಗೆ ನೀವು ಮನೆ ಕೊಟ್ಟಿದ್ದೀರಿ. ಆದರೆ ಇಲ್ಲದ್ದನ್ನು ಕಾಯುತ್ತಾ ಕೂತರೆ ಮಗಳ ವರ್ಷಗಳು ಹೋಗುತ್ತವೆ. ನೀವು ಹುಡುಕಬೇಕಾದ್ದು ‘ದತ್ತು’ ಅನ್ನುವ ತಲೆಬರಹದ ಕೆಳಗಲ್ಲ, ‘ವಿಕಲಚೇತನರು’ ಅನ್ನುವ ತಲೆಬರಹದ ಕೆಳಗೆ. ಕಚೇರಿಗಳಲ್ಲಿ ದತ್ತಿನ ಕತೆಯನ್ನೆಲ್ಲ ಹೇಳುವ ಅಗತ್ಯವೂ ಇಲ್ಲ. ನಿಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಸಾಕು. ಒಂದನ್ನು ಮಾತ್ರ ಇವತ್ತೇ ಪರೀಕ್ಷಿಸಿ: ಸರ್ಟಿಫಿಕೇಟಿನಲ್ಲಿ ದತ್ತು ಕೇಂದ್ರದವರು ಇಟ್ಟಿದ್ದ ಹಳೇ ಹೆಸರೇ ಉಳಿದಿದೆಯಾ? ಆಧಾರ್, ಜನನ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ) ಮೂರರಲ್ಲೂ ಹೆಸರು, ಜನ್ಮದಿನಾಂಕ ಒಂದೇ ಇರಬೇಕು. ಇಲ್ಲದಿದ್ದರೆ ಮುಂದಿನ ಪ್ರತಿ ಅರ್ಜಿಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಯುಡಿಐಡಿ ಆಗಿಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ.

ಈಗ ನೀವು ಕೇಳದೇ ಇರುವ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಮುಖ್ಯವಾದದ್ದು ಇದೇ. ನಿಮ್ಮ ಮಗಳಿಗೆ ವಿಶೇಷ ಶಾಲೆ ನಿಜವಾಗಿಯೂ ಬೇಕಾ?

ಸೆರೆಬ್ರಲ್ ಪಾಲ್ಸಿ ಅಂದರೆ ಬೆಳೆಯುತ್ತಿರುವ ಮೆದುಳಿಗೆ ಆದ ಪೆಟ್ಟಿನಿಂದ ಸ್ನಾಯುಗಳ ಮೇಲಿನ ಹಿಡಿತ ತಪ್ಪುವುದು. ಕಾಲು, ಕೈ, ನಾಲಿಗೆ ಹೇಳಿದ ಮಾತು ಕೇಳುವುದಿಲ್ಲ. ಕೆಲವು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲೂ ತೊಂದರೆ ಇರುತ್ತದೆ, ಆದರೆ ಬಹಳ ಮಕ್ಕಳಿಗೆ ಇರುವುದಿಲ್ಲ. ಮಾತು ಸ್ಪಷ್ಟ ಇಲ್ಲ ಅಂದ ಕೂಡಲೇ ಬುದ್ಧಿಯೂ ಇಲ್ಲ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಅಡಿಕೆ ಎಣಿಸಿ ಕಳೆಯುವ ಲೆಕ್ಕ ಹೇಳುವ ಹುಡುಗಿ ಎರಡನೇ ಕ್ಲಾಸಿನ ಪಾಠ ಕಲಿಯಬಲ್ಲಳು ಅಂತ ನನಗನಿಸುತ್ತದೆ. ನಮ್ಮ ಊರುಗಳ ಎಷ್ಟೋ ವಿಶೇಷ ಶಾಲೆಗಳು ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ನಡೆಯುತ್ತವೆ. ಅಲ್ಲಿನ ಶಿಕ್ಷಕರು ಒಳ್ಳೆಯವರೇ ಇರಬಹುದು. ಆದರೆ ಲೆಕ್ಕ ಬರುವ ಮಗುವಿಗೆ ವರ್ಷವಿಡೀ ಮಣಿ ಪೋಣಿಸುವುದನ್ನೇ ಕಲಿಸಿದರೆ ಏನು ಬಂತು? ಅದಕ್ಕೆ ನೀವು ತಿಂಗಳಿಗೆ 14 ಸಾವಿರ ಕೊಡಬೇಕಾ?

ಹಾಗಾಗಿ ಮೊದಲು ಒಂದು ಸರಿಯಾದ ತಪಾಸಣೆ ಮಾಡಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ವಿಭಾಗ ಇರುತ್ತದೆ, ಅಲ್ಲಿ ಖರ್ಚಿಲ್ಲ. ನಿಮಗೆ ಕಾರವಾರ ದೂರವೇ, ಆದರೂ ಒಮ್ಮೆ ಹೋಗಿ ಬನ್ನಿ. ಬೆಂಗಳೂರಿಗೆ ಹೋಗುವುದಿದ್ದರೆ ಇಂದಿರಾನಗರದಲ್ಲಿ 1980ರಿಂದ ಈ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಎಲ್ಲಿಗೆ ಹೋದರೂ ಮೂರು ವಿಷಯ ಬರೆಸಿಕೊಂಡು ಬನ್ನಿ: ಬುದ್ಧಿಮಟ್ಟ ಹೇಗಿದೆ, ಮನೆಯಲ್ಲಿ ದಿನಾ ಮಾಡಿಸಬೇಕಾದ ವ್ಯಾಯಾಮ ಯಾವುದು, ಹೇಗೆ ಕೂರಿಸಬೇಕು.

ಕೂರಿಸುವುದು ಅಂದರೆ ಸುಮ್ನೆ ಅಲ್ಲ. ಈ ಮಕ್ಕಳನ್ನು ಮಾಮೂಲಿ ಬೆಂಚಿನ ಮೇಲೆ ಕೂರಿಸಿದರೆ ಸೊಂಟ ಮುಂದಕ್ಕೆ ಜಾರುತ್ತದೆ, ಕಾಲು ಗಾಳಿಯಲ್ಲಿ ತೂಗುತ್ತದೆ. ಬೀಳದ ಹಾಗೆ ನೋಡಿಕೊಳ್ಳುವುದರಲ್ಲೇ ಮಗುವಿನ ಶಕ್ತಿಯೆಲ್ಲ ಹೋಗುತ್ತದೆ, ಅಕ್ಷರ ಬರೆಯುವುದು ಎಲ್ಲಿಂದ? ಸೊಂಟ ಹಿಂದಕ್ಕೆ ಒರಗಬೇಕು, ಮಂಡಿ ಲಂಬಕೋನಕ್ಕೆ ಮಡಚಿರಬೇಕು, ಪಾದ ಪೂರ್ತಿ ಹಲಗೆ ಮೇಲೆ ಊರಿರಬೇಕು. ಸೊಂಟಕ್ಕೊಂದು ಪಟ್ಟಿ, ಎದುರಿಗೆ ಹೊಟ್ಟೆಯ ಆಕಾರಕ್ಕೆ ಕೊರೆದ ಮೇಜು. ಥೆರಪಿಸ್ಟ್ ಅಳತೆ ಬರೆದುಕೊಟ್ಟರೆ ನಿಮ್ಮೂರಿನ ಬಡಗಿಯೇ ಇದನ್ನು ಮಾಡಿಕೊಡಬಲ್ಲ. ಪೆನ್ಸಿಲ್ ಹಿಡಿಯಲು ಆಗದಿದ್ದರೆ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿ. ಸರಿಯಾಗಿ ಕೂತ ಮೇಲೆ ಕೈಯೂ ಕುತ್ತಿಗೆಯೂ ಹಿಡಿತಕ್ಕೆ ಬರುವುದನ್ನು ನೀವೇ ನೋಡುತ್ತೀರಿ. ‘ಈ ಮಗುವಿಗೆ ನಮ್ಮ ಶಾಲೆ ಆಗಲ್ಲ’ ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಇಂಥ ಒಂದು ಕುರ್ಚಿಯ ಕೊರತೆ ಮಾತ್ರ ಇರುತ್ತದೆ.

ಊರಿನ ಶಾಲೆಯವರು ‘ಬೇರೆ ಕಡೆ ನೋಡಿ’ ಅಂದದ್ದು ಬಾಯಿಮಾತಲ್ಲಿ, ಅಲ್ವಾ? ಮತ್ತೆ ಹೋಗಿ. ಈ ಸಲ ಅರ್ಜಿ ಬರೆದುಕೊಂಡು ಹೋಗಿ, ಸ್ವೀಕೃತಿ ಹಾಕಿಸಿಕೊಳ್ಳಿ. ಸೇರಿಸಿಕೊಳ್ಳುವುದಿಲ್ಲ ಅಂದರೆ ಕಾರಣ ಬರೆದು ಹಿಂಬರಹ ಕೊಡಿ ಅಂತ ಕೇಳಿ. ಸರ್ಕಾರಿ ಶಾಲೆ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ತಿರುಗಿಸಿ ಕಳಿಸುವ ಹಾಗಿಲ್ಲ. ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಹಿಂಬರಹ ಕೇಳಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ಬದಲಾಗದಿದ್ದರೆ ಬಿಇಒ ಕಚೇರಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ದೂರು ಬರೆದು ಕಳಿಸಬಹುದು.

ಶಾಲೆಯವರ ಕಷ್ಟವನ್ನೂ ನಾನು ಅಲ್ಲಗಳೆಯುವುದಿಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಈ ಮಗುವನ್ನು ಯಾರು ನೋಡುತ್ತಾರೆ? 2021ರಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಅಂದಿತು. 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಮೂರು ವರ್ಷಕ್ಕೂ ಜಾಸ್ತಿ ಅಂದರೆ ಒಂದು ಮಗು ಮೂರು ತರಗತಿ ದಾಟುವ ಕಾಲ. ಇದು ನೋವಿನ ಸಂಗತಿ. ಸದ್ಯಕ್ಕೆ ನಿಮಗೆ ಸಿಗುವವರು ತಾಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಇಂಥ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರು. ಅವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ. ಕೆಲವು ಬಿಆರ್‌ಸಿಗಳಿಗೆ ಫಿಜಿಯೋಥೆರಪಿಸ್ಟ್ ಕೂಡ ಬರುತ್ತಾರೆ. ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯ ಅಡಿಯಲ್ಲಿ ನಡೆಯುವ ತಪಾಸಣಾ ಶಿಬಿರದಲ್ಲಿ ಸಾಧನ ಸಲಕರಣೆಗೆ ಹೆಸರು ಬರೆಸಬಹುದು. ಶಾಲೆಗೆ ಹೋಗುವ ಅಂಗವಿಕಲ ಹೆಣ್ಣುಮಗುವಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನವೂ ಅದರಲ್ಲಿದೆ. ಸಣ್ಣ ಮೊತ್ತವೇ, ಬಿಡಬೇಡಿ. ಹೆಸರು ಶಾಲೆಯ ದಾಖಲೆಯಲ್ಲಿದ್ದರೆ ಇವೆಲ್ಲ ಸುಲಭ.

ತಪಾಸಣೆಯಲ್ಲಿ ವಿಶೇಷ ಶಾಲೆಯೇ ಬೇಕು ಅಂತ ಬಂದರೂ ಖಾಸಗಿ ಶಾಲೆಯ ಬಾಗಿಲಿಗೆ ಮೊದಲು ಹೋಗಬೇಡಿ. ಸರ್ಕಾರದ ಅನುದಾನದಲ್ಲಿ ಸಂಘ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿವೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಉತ್ತರ ಕನ್ನಡದ ಪಟ್ಟಿ ಕೇಳಿ, ಧಾರವಾಡ ಜಿಲ್ಲೆಯದ್ದನ್ನೂ ಕೇಳಿ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರಿಗೂ ಇದರ ಮಾಹಿತಿ ಇರುತ್ತದೆ. ಯಾವ ಶಾಲೆ ನೋಡಿದರೂ, ಅಲ್ಲಿನ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆದವರಾ ಅಂತ ಕೇಳಲು ಸಂಕೋಚ ಬೇಡ. ಮತ್ತೆ, ಅರ್ಧ ದಿನ ತರಗತಿಯಲ್ಲಿ ಕೂರಲು ಬಿಡಿ ಅನ್ನಿ. ಬಿಡದ ಶಾಲೆಗೆ ನಾನಾದರೆ ಮಗುವನ್ನು ಸೇರಿಸುವುದಿಲ್ಲ.

ದುಡ್ಡಿನ ವಿಷಯದಲ್ಲಿ ನಿಮಗೆ ತಕ್ಷಣ ಉಪಯೋಗಕ್ಕೆ ಬರುವುದು ನಿರಾಮಯ ವಿಮೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ನಡೆಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ವರ್ಷಕ್ಕೆ ಕೆಲವು ನೂರು ರೂಪಾಯಿ ಕಟ್ಟಿದರೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ. ಮೊದಲೇ ಇರುವ ತೊಂದರೆ ಅಂತ ತಳ್ಳಿಹಾಕುವುದಿಲ್ಲ, ಥೆರಪಿಯೂ ಒಂದು ಮಿತಿಯೊಳಗೆ ಸೇರುತ್ತದೆ. ಎರಡು ಎಚ್ಚರಿಕೆ: ಪ್ರತಿ ಬಿಲ್ಲೂ ಮಗಳ ಹೆಸರಿನಲ್ಲಿರಲಿ, ಮಾರ್ಚ್ 31ಕ್ಕೆ ಅವಧಿ ಮುಗಿಯುವುದರಿಂದ ಅದಕ್ಕೂ ಮುಂಚೆ ನವೀಕರಣ ಮಾಡಿಸಿ.

80ಡಿಡಿ ಅಂತ ಹೆಸರಾದ, ಅಂಗವಿಕಲ ಮಗುವನ್ನು ಸಾಕುವವರ ಆದಾಯ ತೆರಿಗೆ ಕಡಿತದ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಇದ್ದರೆ 75 ಸಾವಿರ, ಶೇ 80 ಅಥವಾ ಜಾಸ್ತಿ ಇದ್ದರೆ 1.25 ಲಕ್ಷದ ಕಡಿತ, ಅದೂ ಹಳೇ ಪದ್ಧತಿಯಲ್ಲಿ ಮಾತ್ರ. ನಿಮ್ಮ ಯಜಮಾನರ ಸಂಬಳಕ್ಕೆ ತೆರಿಗೆಯೇ ಬೀಳುವುದಿಲ್ಲ, ಹಾಗಾಗಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಂಗವಿಕಲರ ಮಾಸಾಶನಕ್ಕೆ ಆದಾಯ ಮಿತಿ ಇರುವುದರಿಂದ ನಿಮಗೆ ಸಿಗಲಾರದು. ಓಡಾಟಕ್ಕೆ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಥೆರಪಿಸ್ಟ್‌ಗೆ ತೋರಿಸಿ, ಉಳಿದ ದಿನ ಮನೆಯಲ್ಲಿ ನೀವೇ ವ್ಯಾಯಾಮ ಮಾಡಿಸಿದರೆ, ಮನೆ ಬದಲಾಯಿಸುವ ಪ್ರಶ್ನೆಯೇ ಬಾರದಿರಬಹುದು.

ಇನ್ನು ತೋಟ. ಹುಬ್ಬಳ್ಳಿಗೆ ಹೋದರೆ ಫೀಸು, ಥೆರಪಿ, ಮನೆ ಬಾಡಿಗೆ ಮೂರೂ ಸೇರುತ್ತದೆ. ಯಜಮಾನರು ಕೆಲಸ ಬಿಡಬೇಕಾಗಬಹುದು, ಇಲ್ಲವೇ ಇಲ್ಲೊಬ್ಬರು ಅಲ್ಲೊಬ್ಬರು ಆಗಬೇಕು. ಮಾರಿದ ದುಡ್ಡು ಕೆಲವೇ ವರ್ಷಕ್ಕೆ ಕರಗುತ್ತದೆ. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ. ಈ ಮಕ್ಕಳ ದೊಡ್ಡ ಖರ್ಚು ಶಾಲೆಯ ವಯಸ್ಸಿನಲ್ಲಿ ಬರುವುದಿಲ್ಲ ಅಮ್ಮ. ಹದಿನೆಂಟು ದಾಟಿದ ಮೇಲೆ ಉಚಿತ ಶಿಕ್ಷಣದ ಹಕ್ಕು ನಿಲ್ಲುತ್ತದೆ. ಎತ್ತಿ ಕೂರಿಸುವ ನಿಮ್ಮ ತೋಳಿಗೆ ವಯಸ್ಸಾಗುತ್ತದೆ, ಸಹಾಯಕ್ಕೆ ಜನ ಇಡಬೇಕಾಗುತ್ತದೆ. ಆ ಹೊತ್ತಿಗೆ ವರ್ಷ ವರ್ಷ ಫಸಲು ಕೊಡುವ ಒಂದು ಎಕರೆ ಅಡಿಕೆ ಅವಳಿಗೆ ಯಾವ ಯೋಜನೆಗಿಂತಲೂ ದೊಡ್ಡ ಆಸರೆ.

ಇನ್ನೂ ಒಂದು ಕೆಲಸ ಮಾಡಿ. ನೀವಿಬ್ಬರೂ ಉಯಿಲು ಬರೆದು ನೋಂದಾಯಿಸಿ. ಉಯಿಲು ಇಲ್ಲದಿದ್ದರೂ ದತ್ತು ಮಗಳಿಗೆ ಹೆತ್ತ ಮಗಳಷ್ಟೇ ಹಕ್ಕು ಇದೆ. ಆದರೆ ನೀವಿಲ್ಲದಾಗ ಆ ಹಕ್ಕಿಗಾಗಿ ಅವಳು ಕೋರ್ಟು ಅಲೆಯುವ ಹಾಗಾಗಬಾರದು. ದೊಡ್ಡವಳಾದ ಮೇಲೆ ಅವಳ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಕಾನೂನುಬದ್ಧ ಪಾಲಕರು ಬೇಕಾದರೆ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಅರ್ಜಿ ಹಾಕಬಹುದು. ಲೆಕ್ಕದಲ್ಲಿ ಇಷ್ಟು ಚುರುಕಿರುವ ಹುಡುಗಿಗೆ ಅದು ಬೇಕಾಗದೇ ಇರಬಹುದು. ತನ್ನ ತೋಟದ ಲೆಕ್ಕ ತಾನೇ ನೋಡಿಕೊಂಡಾಳು.

ಮೊದಲು ಜನನ ಪ್ರಮಾಣಪತ್ರ ಮತ್ತು ಯುಡಿಐಡಿ, ಆಮೇಲೆ ತಪಾಸಣೆ, ಅದರ ವರದಿ ಹಿಡಿದುಕೊಂಡು ಶಾಲೆ. ಶಾಲೆಯವರು ಅರ್ಜಿಗೆ ಹಿಂಬರಹ ಕೊಡಲು ಒಪ್ಪದಿದ್ದರೆ, ಅರ್ಜಿಯ ನಕಲು ಇಟ್ಟು ನಮಗೆ ಇನ್ನೊಂದು ಪತ್ರ ಬರೆಯಿರಿ. ಆಯುಕ್ತರಿಗೆ ಕಳಿಸುವ ದೂರನ್ನು ನಾವೇ ಕೂತು ಬರೆದುಕೊಡುತ್ತೇವೆ.

– ಸಂಪಾದಕ