ಕಾಯಿ ತ್ಯಾಗದಿಂದ ಸೋಲುವ ಆಟ ಉಳಿದೀತೇ?

ಪ್ರಶ್ನೆ: ಚದುರಂಗದ ಒಂದು ಆಟದ ಕೊನೆಯಲ್ಲಿ ಕಪ್ಪು ಕಾಯಿಗಳ ನನ್ನ ಬಳಿ ರಾಜ ಮತ್ತು ಒಂದು ಕುದುರೆ ಮಾತ್ರ ಉಳಿದಿದ್ದವು. ಎದುರಾಳಿಗೆ ರಾಜನಲ್ಲದೆ ಕಪ್ಪು ಮನೆಗಳಲ್ಲಿ ಓಡಾಡುವ ಒಂಟೆಯೂ ‘ಎ’ ಮತ್ತು ‘ಬಿ’ ಸಾಲುಗಳಲ್ಲಿ ಒಂದೊಂದು ಪದಾತಿಯೂ ಇದ್ದವು. ಕುದುರೆಯನ್ನು ಕಡೆಯವರೆಗೂ ಕಾಪಾಡಿಕೊಂಡರೂ ಸೋತೆ. ಅದನ್ನು ಕೊಟ್ಟು ‘ಬಿ’ ಪದಾತಿಯನ್ನು ಹೊಡೆದಿದ್ದರೆ ಡ್ರಾ ಆಗುತ್ತಿತ್ತು ಎಂದು ಆಟ ನೋಡುತ್ತಿದ್ದ ಹಿರಿಯರೊಬ್ಬರು ಹೇಳಿದರು. ಮೊದಲೇ ಹಿಂದೆ ಬಿದ್ದವನು ಇನ್ನೊಂದು ಕಾಯಿಯನ್ನೂ ಕಳೆದುಕೊಂಡು ಉಳಿಯುವುದು ಹೇಗೆ?

ಉತ್ತರ: ನಿಮ್ಮ ರಾಜ ‘ಎ8’ (‘ಎ’ ಸಾಲಿನ ಎಂಟನೇ ಮನೆ) ಮೂಲೆಯನ್ನು ಸೇರುವಷ್ಟು ಹತ್ತಿರದಲ್ಲಿದ್ದಿದ್ದರೆ ಆ ಹಿರಿಯರ ಮಾತು ಸರಿ. ‘ಎ’ ಪದಾತಿ ಬಡ್ತಿ ಪಡೆದು ರಾಣಿಯಾಗಬೇಕಾದ ‘ಎ8’ ಬಿಳಿ ಮನೆ. ಎದುರಾಳಿಯ ಒಂಟೆ ಕಪ್ಪು ಮನೆಗಳದ್ದು. ಆದ್ದರಿಂದ ಮೂಲೆ ಹಿಡಿದು ಕುಳಿತ ರಾಜನನ್ನು ಅಲ್ಲಿಂದ ಎಬ್ಬಿಸಲು ಆ ಒಂಟೆಗೆ ಸಾಧ್ಯವೇ ಇಲ್ಲ, ಬಿಳಿಯ ರಾಜ ತಾನೇ ಮುಂದೊತ್ತಿ ಬಂದರೆ ರಾಜನ ಮೇಲೆ ದಾಳಿ (ಚೆಕ್) ಇಲ್ಲದಿದ್ದರೂ ನಿಮಗೆ ನಡೆಯೇ ಇಲ್ಲದ ಸ್ಥಿತಿ, ಅಂದರೆ ಸ್ಟೇಲ್‌ಮೇಟ್ ಆಗಿ ಆಟ ಡ್ರಾ ಆಗುತ್ತದೆ. ಒಂದು ಒಂಟೆ, ಒಂದು ಪದಾತಿಯಷ್ಟು ಮುಂದಿದ್ದೂ ಗೆಲ್ಲಲಾಗದ ಸ್ಥಿತಿ ಇದು.

ಇಂತಹ ಆಟಗಳಲ್ಲಿ ನಾವು ಎಷ್ಟು ಕಳೆದುಕೊಂಡೆವು ಎಂದು ಲೆಕ್ಕ ಹಾಕುವುದಕ್ಕಿಂತ, ತ್ಯಾಗದ ನಂತರ ಎದುರಾಳಿಯ ಬಳಿ ಉಳಿಯುವ ಕಾಯಿಗಳು ಮೇಟ್ (ರಾಜನನ್ನು ಚೆಕ್‌ನಿಂದ ತಪ್ಪಿಸಿಕೊಳ್ಳಲಾಗದಂತೆ ಕಟ್ಟಿಹಾಕುವುದು) ಮಾಡಬಲ್ಲವೇ ಎಂದು ನೋಡಬೇಕು. ಒಂಟಿ ರಾಜನ ಎದುರು ಒಂದೇ ಒಂಟೆಯಿಂದಾಗಲಿ ಒಂದೇ ಕುದುರೆಯಿಂದಾಗಲಿ ಮೇಟ್ ಆಗುವುದಿಲ್ಲ. ಎರಡು ಕುದುರೆಗಳಿದ್ದರೂ, ಒಂಟಿ ರಾಜ ತಪ್ಪು ಮಾಡದಿದ್ದರೆ, ಬಲವಂತದ ಮೇಟ್ ಇಲ್ಲ. ಹಾಗಾಗಿ ಅವನ ಕೊನೆಯ ಪದಾತಿಗೆ ನಮ್ಮ ಕೊನೆಯ ಕಾಯಿಯನ್ನು ಕೊಟ್ಟುಬಿಡುವುದು ಅನೇಕ ಸಲ ಸರಿಯಾದ ನಡೆ. ಅವನ ಬಳಿ ಆನೆ ಉಳಿದಿದ್ದರೆ ಈ ಮಾತು ಬಿತ್ತು: ಆನೆಯೊಂದೇ ತನ್ನ ರಾಜನ ನೆರವಿನಿಂದ ಮೇಟ್ ಮಾಡುತ್ತದೆ.

ವಿಚಿತ್ರವೆಂದರೆ, ನಮ್ಮದೇ ಒಂದು ಪದಾತಿ ಉಳಿದಿರುವುದು ಕೆಲವೊಮ್ಮೆ ಅಪಾಯ. ಎರಡು ಕುದುರೆಗಳ ವಿರುದ್ಧ ಒಂಟಿ ರಾಜ ಸ್ಟೇಲ್‌ಮೇಟ್‌ನಿಂದ ಪಾರಾಗುತ್ತಾನೆ. ಪದಾತಿಯಿದ್ದರೆ ಅದನ್ನು ನಡೆಸಲೇಬೇಕಾಗುವುದರಿಂದ ಆ ರಕ್ಷಣೆ ತಪ್ಪಿ, ಸ್ಥಾನವನ್ನು ಅವಲಂಬಿಸಿ ಮೇಟ್ ಸಾಧ್ಯವಾಗುತ್ತದೆ. ರಷ್ಯದ ಚದುರಂಗ ಸಮಸ್ಯೆಗಳ ರಚನಕಾರ ಅಲೆಕ್ಸಿ ಟ್ರೊಯಿಟ್ಸ್ಕಿ ಇದನ್ನು ವಿಸ್ತಾರವಾಗಿ ವಿಶ್ಲೇಷಿಸಿದರು. ತ್ಯಾಗ ಮಾಡುವವರು ಈ ಸೂಕ್ಷ್ಮವನ್ನು ಹೆಚ್ಚಾಗಿ ಮರೆಯುತ್ತಾರೆ.

ಇನ್ನು, ಪದಾತಿಯನ್ನು ಹೊಡೆಯಲು ಆಗದಿದ್ದರೂ ಆನೆಯನ್ನು ಬಲಿ ಕೊಟ್ಟು ಸ್ಟೇಲ್‌ಮೇಟ್ ಹುಡುಕುವ ದಾರಿ ಇದೆ. 1895ರಲ್ಲಿ ಗ್ಲಾಸ್ಗೋದಲ್ಲಿ ಪ್ರಕಟವಾದ, ‘ಸಾವೆದ್ರಾ ಸ್ಥಾನ’ ಎಂದು ಹೆಸರಾದ ಚದುರಂಗ ಸಮಸ್ಯೆಯ ಕೊನೆಯ ಘಟ್ಟವನ್ನು ಹಲಗೆಯ ಮೇಲೆ ಜೋಡಿಸಿ ನೋಡಿ: ಬಿಳಿ ರಾಜ ‘ಸಿ2’, ಬಿಳಿ ಪದಾತಿ ‘ಸಿ7’, ಕಪ್ಪು ರಾಜ ‘ಎ1’, ಕಪ್ಪು ಆನೆ ‘ಡಿ4’, ನಡೆ ಬಿಳಿಯದು. ಬಿಳಿ ಪದಾತಿಯನ್ನು ರಾಣಿಯಾಗಿಸಿದರೆ ಕಪ್ಪು ಆನೆ ‘ಸಿ4’ಕ್ಕೆ ಬಂದು ಚೆಕ್ ಕೊಡುತ್ತದೆ, ರಾಣಿ ಅದನ್ನು ಹೊಡೆದ ಕೂಡಲೇ ಸ್ಟೇಲ್‌ಮೇಟ್, ಹೊಡೆಯದಿದ್ದರೆ ರಾಣಿಯೇ ಹೋಗುತ್ತದೆ. ಈ ಬಲೆಗೆ ಉತ್ತರವೂ ಇದೆ. ಪದಾತಿಯನ್ನು ಆನೆಯಾಗಿಸಿದರೆ ‘ಎ8’ರಿಂದ ಮೇಟ್‌ನ ಬೆದರಿಕೆ ಬರುತ್ತದೆ, ಕಪ್ಪು ಆನೆ ‘ಎ4’ಕ್ಕೆ ಹೋಗಿ ತಡೆದರೆ ಬಿಳಿ ರಾಜ ‘ಬಿ3’ಕ್ಕೆ ಬಂದು ಆನೆಯನ್ನು ಹೊಡೆಯುವುದನ್ನೂ ‘ಸಿ1’ರಲ್ಲಿ ಮೇಟ್ ಮಾಡುವುದನ್ನೂ ಒಟ್ಟಿಗೆ ಬೆದರಿಸಿ ಗೆಲ್ಲುತ್ತಾನೆ. ಎದುರಾಳಿ ಇದನ್ನು ಕಾಣದಿದ್ದರೆ ಮಾತ್ರ ಇಲ್ಲಿನ ತ್ಯಾಗ ಫಲಿಸುತ್ತದೆ; ನಿಮ್ಮ ಕುದುರೆಯ ತ್ಯಾಗ ಹಾಗಲ್ಲ, ಎದುರಾಳಿ ಎಷ್ಟು ಚೆನ್ನಾಗಿ ಆಡಿದರೂ ಅದಕ್ಕೆ ಉತ್ತರವಿಲ್ಲ.

ಎದುರಾಳಿಯ ಒಂಟೆ ಬಿಳಿ ಮನೆಗಳದ್ದಾಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಆಗ ‘ಬಿ’ ಪದಾತಿಯನ್ನು ಹೊಡೆದರೂ ‘ಎ’ ಪದಾತಿ ಒಂಟೆಯ ನೆರವಿನಿಂದ ರಾಣಿಯಾಗುತ್ತದೆ, ಆದ್ದರಿಂದ ಕುದುರೆಯನ್ನು ಕೊಡದೆ, ಆ ಒಂಟೆ ಮುಟ್ಟಲಾರದ ಕಪ್ಪು ಮನೆಗಳಲ್ಲಿ ರಾಜನನ್ನೂ ಕುದುರೆಯನ್ನೂ ಇಟ್ಟು ಪದಾತಿಗಳನ್ನು ತಡೆಯಲು ಯತ್ನಿಸಬೇಕಿತ್ತು.